ಫೈಲ್ ಜಾಗ ಬದಲಿಸಿತು, ಕಾಮೆಂಟ್ ಅಲ್ಲೇ ಉಳಿಯಿತು

ದಾವಣಗೆರೆಯಲ್ಲಿ ಕೂತು ಮೆಕ್ಕೆಜೋಳದ ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಫೋಲ್ಡರ್‌ಗಳನ್ನೆಲ್ಲ ಹೊಸದಾಗಿ ಜೋಡಿಸಿದೆ. 'ತೂಕ' ಅನ್ನೋ ಫೈಲ್ 'ಯುಟಿಲ್ಸ್' ಫೋಲ್ಡರ್‌ನಿಂದ 'ಖರೀದಿ'ಗೆ ಹೋಯಿತು. ಇಂಪೋರ್ಟ್ ಸಾಲುಗಳನ್ನು (ಒಂದು ಫೈಲ್ ಇನ್ನೊಂದನ್ನು ಕರೆಯುವ ಸಾಲುಗಳು) ಎಡಿಟರ್ ತಾನೇ ಸರಿಪಡಿಸಿತು. ಟೆಸ್ಟ್‌ಗಳೂ ಪಾಸಾದವು. ಕೆಲಸ ಮುಗೀತು ಅಂದುಕೊಂಡೆ.

ಸುಗ್ಗಿ ಹೊತ್ತಿಗೆ ಜೊತೆಗಾರ ಹುಡುಗ ಬಂದ. "ಅಣ್ಣಾ, ಕಡಿತ ಬದಲಿಸಿದೆ, ಬಿಲ್‌ನಲ್ಲಿ ಬರ್ತಾನೇ ಇಲ್ಲ." ಬಿಲ್ ಕೋಡಿನಲ್ಲಿ ನಾನೇ ಬರೆದ ಕಾಮೆಂಟ್ (ಓದುವವರಿಗಷ್ಟೇ ಬರೆದ ಟಿಪ್ಪಣಿ, ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ) ಇತ್ತು: 'ತೇವಾಂಶದ ಕಡಿತಕ್ಕೆ ಯುಟಿಲ್ಸ್/ತೂಕ ನೋಡಿ.' ಆ ಜಾಗದಲ್ಲಿ ಆಮೇಲೆ ಅದೇ ಹೆಸರಿನ ಇನ್ನೊಂದು ಫೈಲ್ ಹುಟ್ಟಿತ್ತು. ಪಾಪ, ಅವನು ಅದನ್ನೇ ತಿದ್ದಿದ್ದ. ಮಂಡಿಪೇಟೆಯಲ್ಲಿ ಅಂಗಡಿ ಖಾಲಿ ಮಾಡಿದವರು ಬೋರ್ಡ್ ಬಿಟ್ಟು ಹೋದರೆ ರೈತ ಲೋಡ್ ತಂದು ಅಲ್ಲೇ ನಿಲ್ಲಿಸ್ತಾನೆ, ಅಲ್ವಾ? ಅರ್ಧ ದಿನ ಹೋಯಿತು.

ಈಗ ಫೈಲ್ ಸರಿಸುವುದೇ ಒಂದು ಕಮಿಟ್ (ಬದಲಾವಣೆಯನ್ನು ಇತಿಹಾಸದಲ್ಲಿ ಉಳಿಸುವ ಒಂದು ಹೆಜ್ಜೆ), ತಿದ್ದುವುದು ಇನ್ನೊಂದು. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್, ಫೈಲ್ ಹೆಸರು ಬದಲಾದದ್ದನ್ನು ಬರೆದಿಡುವುದಿಲ್ಲ. ಒಳಗಿನ ಸಾಲುಗಳನ್ನು ಹೋಲಿಸಿ ಊಹಿಸುತ್ತದೆ. ಸಾಮಾನ್ಯವಾಗಿ 50% ಹೋಲಿಕೆಯಾದರೂ ಬೇಕು. ಸರಿಸುವಾಗಲೇ ಜಾಸ್ತಿ ತಿದ್ದಿದರೆ ಹಳೇ ಇತಿಹಾಸದ ಕೊಂಡಿ ಕಳಚುತ್ತದೆ.

ಆಮೇಲೆ ಗಿಟ್‌ನ ಹುಡುಕುವ ಆಜ್ಞೆ 'ಗಿಟ್ ಗ್ರೆಪ್'ನಲ್ಲಿ ಹಳೇ ಪಾತ್ (ಫೋಲ್ಡರ್ ಸಮೇತ ಫೈಲಿನ ವಿಳಾಸ) ಹುಡುಕುತ್ತೇನೆ. ಬರೀ ಫೈಲ್ ಹೆಸರನ್ನೂ ಹುಡುಕುತ್ತೇನೆ, ಯಾಕೆಂದರೆ ಪ್ರಾಜೆಕ್ಟ್ ಪರಿಚಯದ ರೀಡ್‌ಮಿ ಫೈಲಿನಲ್ಲಿ, ಶೆಲ್ ಸ್ಕ್ರಿಪ್ಟ್‌ನಲ್ಲಿ ಅರ್ಧ ಪಾತ್ ಮಾತ್ರ ಇರುತ್ತದೆ. ಇಷ್ಟಕ್ಕೂ ಸಿಗದವು ಸರಿಸಿದ ಫೈಲಿನ ಒಳಗೇ ಇರುತ್ತವೆ. 'ಪಕ್ಕದ ಫೈಲ್‌ನಲ್ಲಿ ಇದೆ', 'ಈ ಫೋಲ್ಡರ್‌ನ ಉಳಿದವುಗಳ ಹಾಗೆ' ಅಂತ ಬರೆದಿರುತ್ತೇವೆ. ಪಕ್ಕ ಯಾವುದು ಅನ್ನೋದೇ ಬದಲಾಗಿದೆ. ಇದನ್ನು ಯಾವ ಹುಡುಕಾಟವೂ ಹಿಡಿಯೋದಿಲ್ಲ, ಕೂತು ಓದಲೇಬೇಕು.

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೋಡಿನಲ್ಲಿ ಡಾಕ್ಯುಮೆಂಟೇಶನ್ ಫೋಲ್ಡರ್‌ನ ಪಾತ್‌ಗಳು ನಿಜವಾಗಿ ಇವೆಯೇ ಅಂತ ನೋಡುವ ಸ್ಕ್ರಿಪ್ಟ್ ಇದೆ. ಅದನ್ನು ನೋಡಿ ನಾನೂ ಚಿಕ್ಕದೊಂದು ಬರೆದು ಕಮಿಟ್‌ಗೆ ಮುಂಚೆ ಓಡಿಸುತ್ತೇನೆ. ಆದರೆ ಹಳೇ ಜಾಗದಲ್ಲಿ ಅದೇ ಹೆಸರಿನ ಬೇರೆ ಫೈಲ್ ಇದ್ದರೆ ಈ ಸ್ಕ್ರಿಪ್ಟ್ ಕೂಡ ಸುಮ್ನೆ ಬಿಡುತ್ತದೆ. ನಮ್ಮ ಹುಡುಗ ಸಿಕ್ಕಿಬಿದ್ದದ್ದು ಅಲ್ಲೇ. ಹಾಗಾಗಿ ಕಾಮೆಂಟ್‌ನಲ್ಲಿ ಪಾತ್ ಬರೆಯೋದನ್ನೇ ಬಿಟ್ಟೆ. ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಹೆಸರು, ಅದರ ಜೊತೆ ಕಾರಣ, ಅಷ್ಟೇ. ಆ ಸಾಲು ಈಗ ಹೀಗಿದೆ: 'ತೇವಾಂಶ 14% ದಾಟಿದರೆ ಮಾತ್ರ ಕಡಿತ. ಲೆಕ್ಕ ತೇವಾಂಶ_ಕಡಿತ ಫಂಕ್ಷನ್‌ನಲ್ಲಿ.'