ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗದಿದ್ದರೆ ಏನು ಮಾಡಬೇಕು?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಐಟಿ ಪಾಠ ಕಲಿಯುವುದು ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆಯಾದ ಕೈಟ್, ಉಬುಂಟು ಎಂಬ ಲಿನಕ್ಸ್ ಬಗೆಯನ್ನು ಆಧರಿಸಿ ರೂಪಿಸಿದ, ವಿಂಡೋಸ್ ಬದಲಿಗೆ ಬಳಸುವ ವ್ಯವಸ್ಥೆಯಲ್ಲಿ. ಮನೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಕೊಟ್ಟರೆ ಅಭ್ಯಾಸಕ್ಕೆ ಅನುಕೂಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳಿಗೆ ಇದು ಒಳ್ಳೆಯ ದಾರಿಯೂ ಹೌದು. ಆದರೆ ಅನೇಕರ ಕೆಲಸ ಮೊದಲ ಹಂತದಲ್ಲೇ ನಿಂತುಬಿಡುತ್ತದೆ. ಲಿನಕ್ಸ್ ಬರೆದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗಬೇಕು (ಅಂದರೆ ಅದರಿಂದಲೇ ಚಾಲೂ ಆಗಬೇಕು), ಆದರೆ ಅದನ್ನು ಹಾಕಿ ಆನ್ ಮಾಡಿದರೆ ಎಂದಿನ ವಿಂಡೋಸ್ ತೆರೆದುಕೊಳ್ಳುತ್ತದೆ, ಇಲ್ಲವೇ ಕಪ್ಪು ಪರದೆಯ ಮೇಲೆ ‘ನೋ ಬೂಟೆಬಲ್ ಡಿವೈಸ್’ ಎಂಬ ಸಾಲು ಕಾಣಿಸುತ್ತದೆ.

ಆಗ ಗಾಬರಿಯಿಂದ ಬಯಾಸ್‌ನ (ಕಂಪ್ಯೂಟರ್ ಆನ್ ಆದೊಡನೆ ಮೊದಲು ನಡೆಯುವ ಮೂಲ ತಂತ್ರಾಂಶದ) ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಬಾರದು. ದೋಷ ಪೆನ್‌ಡ್ರೈವಿನದೋ ಕಂಪ್ಯೂಟರಿನದೋ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕಾಗಿ ಅದೇ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ನೋಡಿ.

ಅಲ್ಲಿಯೂ ಬೂಟ್ ಆಗದಿದ್ದರೆ ಪೆನ್‌ಡ್ರೈವನ್ನು ತೆರೆದು ಒಳಗೇನಿದೆ ಎಂದು ನೋಡಿ. ಡೌನ್‌ಲೋಡ್ ಮಾಡಿದ ಐಎಸ್ಒ ಫೈಲ್ (ಇಡೀ ಲಿನಕ್ಸ್ ಅಡಗಿರುವ ಫೈಲ್) ಒಂದೇ ಒಂದು ಇಡಿಯಾಗಿ ಕಾಣಿಸಿದರೆ, ಅದನ್ನು ಹಾಡು, ಫೋಟೊಗಳಂತೆ ಬರೀ ಕಾಪಿ ಮಾಡಲಾಗಿದೆ ಎಂದರ್ಥ. ಅದರಿಂದ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚರ್‌ನಂತಹ ತಂತ್ರಾಂಶದ ಮೂಲಕ ಬರೆಯಬೇಕು. ಬರೆಯುವ ಮೊದಲು ಡೌನ್‌ಲೋಡ್ ಪೂರ್ಣವಾಗಿದೆಯೇ ಎಂದು ಪರೀಕ್ಷಿಸುವುದನ್ನು ಮರೆಯಬೇಡಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟಿನಲ್ಲಿರುವ ಸರ್ಟ್‌ಯುಟಿಲ್ ಆದೇಶದಿಂದ ಫೈಲಿನ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಗುರುತಾದ ಅಕ್ಷರ-ಅಂಕಿಗಳ ಉದ್ದನೆಯ ಸಾಲನ್ನು) ತೆಗೆದು, ಡೌನ್‌ಲೋಡ್ ಪುಟದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ತಾಳೆ ನೋಡಿ. ಒಂದು ಅಕ್ಷರ ವ್ಯತ್ಯಾಸವಾದರೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬೇಕು. ಬರೆದು ಮುಗಿದ ಮೇಲೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳುವುದುಂಟು. ಲಿನಕ್ಸ್‌ನ ವಿಭಾಗವನ್ನು ಅದು ಓದಲಾರದ್ದರಿಂದ ಬರುವ ಸೂಚನೆಯಿದು. ಒಪ್ಪಿಗೆ ಕೊಟ್ಟರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಆದ್ದರಿಂದ ರದ್ದುಮಾಡಿ.

ಬೇರೆ ಕಂಪ್ಯೂಟರಿನಲ್ಲಿ ಸರಿಯಾಗಿ ಬೂಟ್ ಆದರೆ ನಿಮ್ಮ ಯಂತ್ರದ ಕಡೆಗೆ ಗಮನ ಕೊಡಿ. ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಒತ್ತಬೇಕು: ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನ ಅನೇಕ ಮಾದರಿಗಳಲ್ಲಿ ಎಫ್12 ಮೆನುವನ್ನು ಮೊದಲು ಬಯಾಸ್‌ನಲ್ಲಿ ಸಕ್ರಿಯಗೊಳಿಸಬೇಕಾಗುತ್ತದೆ. ಕೀಲಿ ಒತ್ತಲು ಸಮಯವೇ ಸಿಗದಿದ್ದರೆ, ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ‘ಯೂಸ್ ಎ ಡಿವೈಸ್’ ಎಂಬಲ್ಲಿಂದ ಪೆನ್‌ಡ್ರೈವನ್ನು ಆರಿಸಬಹುದು.

ಮೆನುವಿನಲ್ಲಿ ಪೆನ್‌ಡ್ರೈವಿನ ಹೆಸರೇ ಇಲ್ಲದಿದ್ದರೆ ಮೊದಲು ಪೋರ್ಟ್ ಬದಲಿಸಿ ನೋಡಿ, ಹಬ್ ಬಳಸಬೇಡಿ. ಆಮೇಲೂ ಕಾಣದಿದ್ದರೆ ಬರೆದ ಬಗೆಯನ್ನು ಪರಿಶೀಲಿಸಬೇಕು, ಏಕೆಂದರೆ ಹೆಚ್ಚಿನ ತೊಂದರೆಗಳ ಮೂಲ ಇಲ್ಲಿಯೇ ಇದೆ. ಹಳೆಯ ಯಂತ್ರಗಳು ಲೆಗಸಿ ಬಯಾಸ್ ವಿಧಾನದಲ್ಲಿಯೂ ಹೊಸವು ಅದರ ಬದಲಿಗೆ ಬಂದ ಯುಇಎಫ್‌ಐ ವಿಧಾನದಲ್ಲಿಯೂ ಬೂಟ್ ಆಗುತ್ತವೆ. ಹೊಸದೂ ಹಳೆಯದೂ ಬೆರೆತಿರುವ ಶಾಲಾ ಲ್ಯಾಬಿನಲ್ಲಿ ಒಂದು ಮೇಜಿನಲ್ಲಿ ನಡೆದ ಪೆನ್‌ಡ್ರೈವ್ ಪಕ್ಕದ ಮೇಜಿನಲ್ಲಿ ನಡೆಯದಿರಲು ಇದೇ ಕಾರಣವಾಗಿರಬಹುದು. ರೂಫಸ್‌ನಲ್ಲಿ ಪೆನ್‌ಡ್ರೈವಿನ ವಿಭಾಗಗಳನ್ನು ದಾಖಲಿಸಲು ಜಿಪಿಟಿ, ಎಂಬಿಆರ್ ಎಂಬ ಎರಡು ಕ್ರಮಗಳಿವೆ. ಜಿಪಿಟಿ ಆರಿಸಿ ಬರೆದದ್ದು ಯುಇಎಫ್‌ಐಗೆ ಮಾತ್ರ ಹೊಂದುತ್ತದೆ. ಉಬುಂಟುವಿಗೆ ಎಂಬಿಆರ್ ಆರಿಸಿ, ಗುರಿಯ (ಟಾರ್ಗೆಟ್ ಸಿಸ್ಟಮ್) ಜಾಗದಲ್ಲಿ ‘ಬಯಾಸ್ ಆರ್ ಯುಇಎಫ್‌ಐ’ ಎಂದಿರುವುದನ್ನು ಖಚಿತಪಡಿಸಿಕೊಂಡು ಬರೆದರೆ ಎರಡೂ ಬಗೆಯ ಯಂತ್ರಗಳಿಗೆ ಒಂದೇ ಪೆನ್‌ಡ್ರೈವ್ ಸಾಕು. ಯಂತ್ರವನ್ನೇ ಲೆಗಸಿ ವಿಧಾನಕ್ಕೆ ಬದಲಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ, ಏಕೆಂದರೆ ಈಗಾಗಲೇ ಇರುವ ವಿಂಡೋಸ್ ಕೂಡ ಅದರಿಂದ ತೆರೆಯದೆ ಹೋಗಬಹುದು.

ಪೆನ್‌ಡ್ರೈವನ್ನು ಆರಿಸಿದ ಮೇಲೆ ಭದ್ರತೆಯ ಎಚ್ಚರಿಕೆ ಬಂದು ನಿಂತರೆ ಅದು ಸೆಕ್ಯೂರ್ ಬೂಟ್‌ನ (ಅಧಿಕೃತ ಸಹಿ ಇಲ್ಲದ ತಂತ್ರಾಂಶವನ್ನು ಬೂಟ್ ಆಗಲು ಬಿಡದ ವ್ಯವಸ್ಥೆಯ) ತಡೆ. ಉಬುಂಟು ಸೆಕ್ಯೂರ್ ಬೂಟ್ ಆನ್ ಇದ್ದರೂ ನಡೆಯುತ್ತದೆ. ಕೆಲವು ಇತರ ಲಿನಕ್ಸ್‌ಗಳಿಗೆ ಅದನ್ನು ಆಫ್ ಮಾಡಬೇಕಾದೀತು. ಆಫ್ ಮಾಡುವ ಮುನ್ನ ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯದ) ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಲೇಬೇಕು. ಅದಿಲ್ಲದೆ ವಿಂಡೋಸ್‌ನಲ್ಲಿರುವ ಫೋಟೊ, ದಾಖಲೆಗಳು ಕೈಗೆ ಸಿಗದೆ ಹೋಗುವ ಅಪಾಯವಿದೆ.

ಲಿನಕ್ಸ್‌ನ ಮೆನು ಬಂದ ನಂತರ ಪರದೆ ಕಪ್ಪಾದರೆ ಪೆನ್‌ಡ್ರೈವನ್ನು ಮತ್ತೆ ಬರೆಯಬೇಕಿಲ್ಲ. ಅದು ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡಿನ ತೊಂದರೆ. ಮರಳಿ ಬೂಟ್ ಮಾಡಿ, ಅದೇ ಮೆನುವಿನಲ್ಲಿರುವ ‘ಸೇಫ್ ಗ್ರಾಫಿಕ್ಸ್’ ಆಯ್ಕೆಯಿಂದ ಮುಂದುವರಿಯಿರಿ.