ಬೆಳ್ಳಿ ರೂಪಾಯಿ ಅಸಲಿಯಾ? ನೀರಲ್ಲಿ ತೂಗಿ ನೋಡಿ

ತುಮಕೂರು ಸುತ್ತಮುತ್ತ ಸಂತೆ, ಜಾತ್ರೆಗಳಲ್ಲಿ ವಿಕ್ಟೋರಿಯಾ ರಾಣಿ ರೂಪಾಯಿ ಕೊಳ್ಳೋರು ಬರೀ ತೂಕ ನೋಡಿ ದುಡ್ಡು ಕೊಡಬೇಡಿ, ನೀರಲ್ಲೂ ತೂಗಿ. 0.01 ಗ್ರಾಂ ತೋರಿಸೋ ಪುಟ್ಟ ಡಿಜಿಟಲ್ ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳ್ಳನೆ ದಾರ ಕಟ್ಟಿ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ. ತಳಕ್ಕೆ ತಾಗಬಾರದು, ಗುಳ್ಳೆ ಅಂಟಿರಬಾರದು. ಒಣ ತೂಕವನ್ನು ಈಗ ಬಂದ ಅಂಕಿಯಿಂದ ಭಾಗಿಸಿದರೆ 10.3ರ ಆಸುಪಾಸು ಬರಬೇಕು. ಅಂದರೆ ಸವೆಯದ 11.66 ಗ್ರಾಂ ರೂಪಾಯಿಗೆ ನೀರಲ್ಲಿ ಸುಮಾರು 1.13 ತೋರಿಸುತ್ತೆ. ಹಿತ್ತಾಳೆ, ತಾಮ್ರದ ಮೇಲೆ ಬೆಳ್ಳಿ ನೀರು ಕುಡಿಸಿದ್ದಾದರೆ 1.3 ದಾಟುತ್ತೆ. ತಕ್ಕಡಿ ತೋರಿಸೋದು ನಾಣ್ಯ ಸರಿಸಿದ ನೀರಿನ ತೂಕ. ಹಗುರ ಲೋಹದಲ್ಲಿ ಅದೇ ತೂಕ ಬರಬೇಕಾದರೆ ನಾಣ್ಯ ದಪ್ಪಗಾಗಲೇಬೇಕು. ಸವೆದ ನಾಣ್ಯಕ್ಕೂ ಈ ಲೆಕ್ಕ ನಡೆಯುತ್ತೆ, ಅದೇ ಇದರ ಚೆಂದ. ಅಯಸ್ಕಾಂತ ನಂಬಬೇಡಿ: ಹಿತ್ತಾಳೆಯೂ ಅಂಟಲ್ಲ, 1947ರ ಅಸಲಿ ನಿಕಲ್ ರೂಪಾಯಿ ಅಂಟಿಕೊಳ್ಳುತ್ತೆ! ಆರನೇ ಜಾರ್ಜ್‌ನ 1940ರಿಂದ 45ರ ರೂಪಾಯಿಯಲ್ಲಿ ಬೆಳ್ಳಿ ಅರ್ಧವೇ, ಅದಕ್ಕೆ 9.5 ಹತ್ತಿರ ಬಂದರೂ ಗಾಬರಿ ಬೇಡ. ಕಾಸಿನ ಸರಕ್ಕೆ ಕೊಂಡಿ ಬೆಸೆದಿದ್ದರೆ ಲೆಕ್ಕ ಕೆಡುತ್ತೆ. ಒಳ್ಳೆ ಬೆಳ್ಳಿಯಲ್ಲೇ ಅಚ್ಚು ಹಾಕಿದ ನಕಲಿಯನ್ನಂತೂ ಇದು ಹಿಡಿಯಲ್ಲ. ಅಪರೂಪದ ಇಸವಿ ಅಂತ ಹೆಚ್ಚು ಬೆಲೆ ಹೇಳಿದರೆ ಅಕ್ಷರ, ಅಂಚಿನ ಗೆರೆಗಳನ್ನು ಭೂತಗನ್ನಡಿಯಲ್ಲಿ ಅಸಲಿ ಜೊತೆ ಹೋಲಿಸಲೇಬೇಕು. ಈಸ್ಟ್ ಇಂಡಿಯಾ ಕಂಪನಿ, 1818, ಮೇಲೆ ಹನುಮಂತ ಅಂತ ತಂದರೆ ತೂಗೋ ಕಷ್ಟವೂ ಬೇಡ, ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ.