ಇಎಸ್‌ಐ ಕೈತಪ್ಪದ ಹಾಗೆ ಸಂಬಳ ಏರಿಸುವುದು: ನನ್ನ ಅನುಭವ

ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗಳಲ್ಲಿ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಂಬಳದ ಲೆಕ್ಕ ಬರೆಯುವವರಿಗೆ ಈ ಮಾತು ಹೊಸದಲ್ಲ: "ಸಾರ್, ಸೂಪರ್‌ವೈಸರ್ ಕೆಲಸ ಬೇಡ, ಇಎಸ್‌ಐ ಹೋಗುತ್ತೆ." ಹೀಗೆ ಹೇಳುವವರು ಮುಂದೆ ಬರಲು ಮನಸ್ಸಿಲ್ಲದವರಲ್ಲ, ಲೆಕ್ಕ ಬಲ್ಲವರು.

ಇಎಸ್‌ಐ ಎಂದರೆ ಕಾರ್ಮಿಕರೂ ಮಾಲೀಕರೂ ವಂತಿಗೆ ಕಟ್ಟುವ ನೌಕರರ ರಾಜ್ಯ ವಿಮೆ. ಸಂಬಳ ಒಂದು ಗೆರೆ ಮೀರಿದವರಿಗೆ ಅದು ಇಲ್ಲ. 2017ರ ಜನವರಿಯಿಂದ ಆ ಗೆರೆ ತಿಂಗಳಿಗೆ 21,000 ರೂಪಾಯಿ (ಅಂಗವಿಕಲರಿಗೆ 25,000). 20,800 ಇರುವವರಿಗೆ 700 ಏರಿಸಿ 21,500 ಮಾಡಿದರೆ ಕೈಗೆ ಸಿಗುವುದು ಆ 700, ಜೊತೆಗೆ ಇನ್ನು ಕಡಿತವಾಗದ 0.75 ಶೇಕಡಾ, ಅಂದರೆ 156 ರೂಪಾಯಿ. ಹೋಗುವುದು ಮನೆಮಂದಿಯ ಚಿಕಿತ್ಸೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸಿಗುತ್ತಿದ್ದ 70 ಶೇಕಡಾ ವೇತನ, ಹೆಂಗಸರಿಗೆ 26 ವಾರದ ಹೆರಿಗೆ ಭತ್ಯೆ. ಮಾಲೀಕರಿಗೆ ಮಾತ್ರ ಲಾಭ: ಅವರು ಕಟ್ಟುತ್ತಿದ್ದ 3.25 ಶೇಕಡಾ, ಅಂದರೆ ತಿಂಗಳಿಗೆ 676 ರೂಪಾಯಿ, ಉಳಿಯುತ್ತದೆ. ಏರಿಸಿದ 700 ಹೆಚ್ಚುಕಡಿಮೆ ಅಲ್ಲಿಂದಲೇ ಬಂತು!

ಇದನ್ನು ಸರಿಪಡಿಸಲು ನಾನು ಮೊದಲು ನೋಡುವುದು ತಾರೀಕು. ವಂತಿಗೆಯ ಅವಧಿ ಎರಡು: ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಅವಧಿ ಶುರುವಾದ ಮೇಲೆ ಗೆರೆ ದಾಟಿದವರು ಆ ಅವಧಿ ಮುಗಿಯುವವರೆಗೆ ಒಳಗೇ ಇರುತ್ತಾರೆ. ಮೊದಲ ಅವಧಿಯ ವಂತಿಗೆಗೆ ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಹಾಗಾಗಿ ಏಪ್ರಿಲ್ 1ಕ್ಕೆ ಏರಿಸಿದರೆ ಅಂದೇ ಹೊರಗೆ, ಸೌಲಭ್ಯ ಡಿಸೆಂಬರ್ 31ಕ್ಕೆ ಮುಕ್ತಾಯ. ಅದೇ ಆದೇಶವನ್ನು ಮೇ 1ರಿಂದ ಜಾರಿ ಎಂದು ಬರೆದರೆ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ನಡೆಯುತ್ತದೆ, ಸೌಲಭ್ಯ ಮರುವರ್ಷದ ಜೂನ್ 30ರವರೆಗೆ ಎಳೆಯುತ್ತದೆ. ಒಂದು ತಿಂಗಳ 700 ಬಿಟ್ಟುಕೊಟ್ಟು ಆರು ತಿಂಗಳು ಗಳಿಸಿದಂತಾಯಿತು. ಅಕ್ಟೋಬರ್‌ನಲ್ಲಿ ಏರಿಸುವ ಪದ್ಧತಿ ಇದ್ದರೆ ನವೆಂಬರ್ 1 ಎಂದು ಬರೆಯಿರಿ. ಆದರೆ ಆ ಅವಧಿಯಲ್ಲಿ 78 ದಿನದ ವಂತಿಗೆ ಇರಲೇಬೇಕು. ಸಂಬಳವಿಲ್ಲದ ರಜೆ ಹೆಚ್ಚು ಹಾಕಿದವರ ಹಾಜರಿ ಮೊದಲೇ ಎಣಿಸಿ.

ಕೆಡುವುದು ಸಾಮಾನ್ಯವಾಗಿ ಸಾಫ್ಟ್‌ವೇರ್‌ನಲ್ಲಿ. ಮೇ ತಿಂಗಳಲ್ಲಿ 21,500 ಕಂಡ ಕೂಡಲೇ ಅದು ಹೆಸರನ್ನೇ ವಂತಿಗೆಯ ಪಟ್ಟಿಯಿಂದ ಬಿಡುತ್ತದೆ, ಇಲ್ಲವೇ ವಂತಿಗೆಯನ್ನು 21,000ಕ್ಕೇ ನಿಲ್ಲಿಸುತ್ತದೆ. ಎರಡೂ ತಪ್ಪು. ಅವಧಿ ಮುಗಿಯುವವರೆಗೆ ಪೂರ್ತಿ 21,500ರ ಮೇಲೆ ಕಟ್ಟಬೇಕು, ಮರುತಿಂಗಳ 15ರೊಳಗೆ. 'ಔಟ್ ಆಫ್ ಕವರೇಜ್' (ಇಎಸ್‌ಐ ವ್ಯಾಪ್ತಿಯಿಂದ ಹೊರಗೆ) ಎಂಬ ಕಾರಣ ಹಾಕುವುದು ಏಪ್ರಿಲ್ ಅಥವಾ ಅಕ್ಟೋಬರ್‌ನ ಪಟ್ಟಿಯಲ್ಲಿ ಮಾತ್ರ.

ಓವರ್‌ಟೈಮ್ ಬಗ್ಗೆ ಅನಾವಶ್ಯಕ ಭಯವಿದೆ. ಡಿಸೆಂಬರ್‌ನಿಂದ ಕಾಫಿ ಬರತೊಡಗಿದ ಮೇಲೆ ಕ್ಯೂರಿಂಗ್‌ನಲ್ಲಿ ಓಟಿ ಬೇಡ ಎನ್ನುವವರಿಗೆ ಸ್ಪಷ್ಟವಾಗಿ ಹೇಳಿಬಿಡಿ: ಓಟಿ ಹಣದಿಂದ ಗೆರೆ ದಾಟುವುದಿಲ್ಲ. ಇನ್ನೊಂದು, 2025ರ ನವೆಂಬರ್ 21ರಿಂದ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ಮೀರಿದರೆ ಮೀರಿದಷ್ಟು ಗೆರೆಯ ಲೆಕ್ಕದಲ್ಲಿ ವೇತನವೇ ಆಗುತ್ತದೆ. ಹಳೇ ಸಂಬಳದ ಚೀಟಿ ನೋಡಿ ಗೆರೆ ಎಳೆಯಬೇಡಿ.

ತಾರೀಕಿನಿಂದ ಸಿಗುವುದು ಸಮಯ ಮಾತ್ರ, ಆದ್ದರಿಂದ ಮೊತ್ತವೂ ಮುಖ್ಯ. ನನ್ನ ನಿಲುವು ಇಷ್ಟೇ: ಒಂದೋ 21,000ದಲ್ಲಿ ನಿಲ್ಲಿಸಿ, ಇಲ್ಲವೇ ವಿಮೆಯ ಖರ್ಚು ತೂಗುವಷ್ಟು ಏರಿಸಿ. ಉಳಿದ 676 ಮತ್ತು 156 ಸೇರಿದರೆ 832, ವರ್ಷಕ್ಕೆ 9,984. ಮಾಲೀಕರ ಪಾಲನ್ನು ಗುಂಪು ವಿಮೆಗೇ ಹಾಕಿಸಿ, ದರಪಟ್ಟಿ ತರಿಸುವಾಗ ಅಪ್ಪ ಅಮ್ಮನ ವಯಸ್ಸನ್ನೂ ಸೇರಿಸಿ. ಕಂತು ಜಿಗಿಯುವುದು ಅಲ್ಲೇ. ಬೋನಸ್ ಅರ್ಹತೆಗೂ 2015ರ ತಿದ್ದುಪಡಿ 21,000ದ ಗೆರೆಯನ್ನೇ ಹಾಕಿತ್ತು. ಗೆರೆ ದಾಟಿದವರಿಗೆ ಬೋನಸ್‌ನಷ್ಟೇ ಮೊತ್ತವನ್ನು ಆಡಳಿತ ತಾನಾಗಿ ಕೊಡುತ್ತದೆ ಎಂದು ಬಡ್ತಿಯ ಪತ್ರದಲ್ಲೇ ಬರೆಸಿಕೊಳ್ಳಬೇಕು. ಬಾಯಿಮಾತು ಬೇಡ.

ರೇಷನ್ ಕಾರ್ಡಿನಲ್ಲಿ ಈ ಯಾವ ಉಪಾಯವೂ ನಡೆಯದು. ಬಿಪಿಎಲ್ ಮಿತಿ ಕುಟುಂಬಕ್ಕೆ ವರ್ಷಕ್ಕೆ 1.20 ಲಕ್ಷ, ಅಂದರೆ ತಿಂಗಳಿಗೆ 10,000. ಗಂಡ ಹೆಂಡತಿ ಇಬ್ಬರೂ ಫ್ಯಾಕ್ಟರಿಗೆ ಹೋಗುವ ಮನೆ ಅದನ್ನು ಎಂದೋ ದಾಟಿರುತ್ತದೆ. ಆದಾಯ ಮುಚ್ಚಿಡುವ ಸಲಹೆ ನಾನು ಕೊಡುವುದಿಲ್ಲ, ಪಿಎಫ್ ಖಾತೆಯಲ್ಲಿ ಎಲ್ಲ ಇದೆ. ಕಾರ್ಡ್ ಹೋದರೆ ಆಗುವ ನಷ್ಟ ಅಕ್ಕಿಯದೊಂದೇ ಅಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ವೆಚ್ಚದ 30 ಶೇಕಡಾ, ಅದೂ 1.5 ಲಕ್ಷ ಮೀರದಂತೆ. ಇಎಸ್‌ಐ ಬಿಟ್ಟ ಮೇಲೆ ಸರ್ಕಾರದ್ದೇ ಇದೆ ಎಂದು ನಂಬಿದವರು ಸಿಕ್ಕಿಬೀಳುವುದು ಇಲ್ಲಿ.

ಹಾಸನದ ಸುತ್ತ ಹಳ್ಳಿಗಳಿಂದ ಬರುವವರ ಮನೆಯಲ್ಲಿ ಯಾರಾದರೂ ಹಾಲಿನ ಸಂಘದ ಸದಸ್ಯರಿರುವುದು ಹೆಚ್ಚು, ಅವರಿಗೆ ಸಹಕಾರ ಸಂಘಗಳ ಸದಸ್ಯರ ಆರೋಗ್ಯ ಯೋಜನೆಯಾದ ಯಶಸ್ವಿನಿಯ ದಾರಿಯಿದೆ. ಅದರ ನೋಂದಣಿ ವರ್ಷಪೂರ್ತಿ ನಡೆಯುವುದಿಲ್ಲ. ಅದಕ್ಕೇ ಬಡ್ತಿಯ ಪತ್ರ ಕೊಡುವಾಗ ಇಎಸ್‌ಐ ಸೌಲಭ್ಯ ಮುಗಿಯುವ ತಾರೀಕನ್ನೂ ಅದರಲ್ಲಿ ನಮೂದಿಸುತ್ತೇನೆ, ಸಂಘದ ಕಾರ್ಯದರ್ಶಿಯನ್ನು ಅದಕ್ಕಿಂತ ಮೊದಲೇ ವಿಚಾರಿಸಿಕೊಳ್ಳಲಿ ಅಂತ.